ಕಸಕ್ಕೊಂದು ಕೊಟ್ಟಿಗೆ

ಹೋದ ವರ್ಷ ಆಶ್ಲೇಷ ಮಳೆ ಹಿಡಿದಿದ್ದಾಗ ಒಂದು ಬೆಳಿಗ್ಗೆ ಹಿತ್ತಲಿನ ನೀಲಿ ಡ್ರಮ್ಮಿನ ಮುಚ್ಚಳ ತೆಗೆದೆ. ತಕ್ಷಣ ಮುಚ್ಚಿದೆ. ಒಳಗೆ ಗೊಬ್ಬರ ಇರಬೇಕಿತ್ತು, ಇದ್ದದ್ದು ಕಪ್ಪು ಸಾರು. ಬಾಳೆಹಣ್ಣಿನ ಸಿಪ್ಪೆ, ಹುರುಳಿಕಾಯಿ ನಾರು, ಕಾಫಿ ಚರಟ, ಹಳಸಿದ ಅನ್ನ ಎಲ್ಲ ಕರಗಿ ಒಂದೇ ಆಗಿದ್ದವು. ಮೇಲೆ ಹುಳು ಹೊರಳುತ್ತಿದ್ದವು. ನಾತ ಅಡುಗೆಮನೆ ಕಿಟಕಿವರೆಗೂ ಬರುತ್ತಿತ್ತು. ಅಮ್ಮ ಮೂರು ದಿನದಿಂದ ಏನೂ ಅಂದಿರಲಿಲ್ಲ. ಅವಳು ಸುಮ್ಮನಿದ್ದರೆ ನನಗೆ ಜಾಸ್ತಿ ಭಯ.

ನಾಲ್ಕನೇ ದಿನ ಅಂದಳು: “ಸ್ಕೂಲಲ್ಲಿ ಮಕ್ಕಳಿಗೆ ವಿಜ್ಞಾನ ಹೇಳ್ಕೊಡ್ತೀಯ. ಮನೇಲಿ ಚರಂಡಿ ಸಾಕಿದೀಯ.”

ಮಳೆ ಬಿಟ್ಟ ಮೇಲೆ ಆ ಸಾರನ್ನೆಲ್ಲ ಬಾಳೆ ಬುಡದಲ್ಲಿ ಗುಂಡಿ ತೆಗೆದು ಹೂತೆ. ಡ್ರಮ್ಮು ತೊಳೆಯುವಾಗ ಯೋಚನೆ ಮಾಡಿದೆ, ತಪ್ಪಿದ್ದು ಎಲ್ಲಿ ಅಂತ. ಡ್ರಮ್ಮಿಗೆ ತೂತು ಕೊರೆದಿದ್ದೆ. ಮುಚ್ಚಳ ಇತ್ತು, ಮಳೆನೀರು ಒಳಗೆ ಹೋಗುವ ಹಾಗೇ ಇರಲಿಲ್ಲ. ಆದರೂ ನೀರು ಎಲ್ಲಿಂದ ಬಂತು? ತರಕಾರಿ ಸಿಪ್ಪೆಯ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ. ಬೇಸಿಗೆಯಲ್ಲಿ ಅದು ಆರುತ್ತದೆ, ಕಸದ ಜೊತೆ ಒಣ ಎಲೆಯೂ ಹಾಕುತ್ತಿದ್ದೆ. ಜೂನ್ ಬಂದ ಮೇಲೆ ಚಿಕ್ಕಮಗಳೂರಿನಲ್ಲಿ ಒಣ ಎಲೆ ಎಲ್ಲಿ ಸಿಗುತ್ತದೆ? ಬಟ್ಟೆಯೇ ಒಣಗಲ್ಲ. ಹಾಗಾಗಿ ಬರೀ ಅಡುಗೆಮನೆ ಕಸ ಬಿದ್ದಿದೆ. ಅದು ಕುಸಿದು ಒತ್ತೊತ್ತಾಗಿ ಕೂತು ಗಾಳಿ ಆಡುವ ಜಾಗವನ್ನೇ ಮುಚ್ಚಿದೆ. ಗಾಳಿ ಇಲ್ಲದ ಕಡೆ ಬೇರೆಯೇ ಜಾತಿಯ ಬ್ಯಾಕ್ಟೀರಿಯಾ ಕೆಲಸಕ್ಕೆ ಇಳಿಯುತ್ತವೆ. ಅವು ಕೊಳೆಸುವ ಕೆಲಸಕ್ಕೆ ಆ ನಾತ.

ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ಅವಳು ಅಕ್ಕಿ ಆರಿಸುತ್ತಾ ಕೇಳಿದಳು. ಆಮೇಲೆ ಮೂಡಿಗೆರೆ ಕಡೆಯ ತನ್ನ ತವರುಮನೆಯ ವಿಷಯ ತೆಗೆದಳು. “ನಮ್ಮಲ್ಲಿ ಬೇಸಿಗೇಲೇ ದರಗು ಗುಡಿಸಿ ಮಾಡಿನ ಕೆಳಗೆ ಒಟ್ಟೋರು. ಮಳೆಗಾಲ ಪೂರ್ತಿ ದಿನಾ ಒಂದೊಂದು ಹೊರೆ ಕೊಟ್ಟಿಗೆಗೆ ಹಾಸೋರು. ದನಕ್ಕೂ ಬೆಚ್ಚಗೆ, ಗೊಬ್ಬರಾನೂ ಆಗೋದು. ನಿನ್ನ ಡ್ರಮ್ಮಿಗೆ ದರಗು ಎಲ್ಲಿಟ್ಟಿದ್ದೆ?”

ದರಗು ಅಂದರೆ ಒಣಗಿದ ತರಗೆಲೆ. ಇಟ್ಟಿರಲಿಲ್ಲ. ಆ ಒಂದು ಮಾತಿನಿಂದ ನನ್ನ ಇಡೀ ನಕ್ಷೆ ಬದಲಾಯಿತು.

ಅದುವರೆಗೂ ನಾನು ಪೆಟ್ಟಿಗೆ ಕಟ್ಟಬೇಕು ಅಂದುಕೊಂಡಿದ್ದೆ. ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರ, ಮೇಲೊಂದು ಮುಚ್ಚಳ. ಈಗ ಕಾಗದದ ಮೇಲೆ ಬಂದದ್ದು ಮೂರು ಅಂಕಣದ ಸಣ್ಣ ಕೊಟ್ಟಿಗೆ. ಮೊದಲ ಅಂಕಣದಲ್ಲಿ ದಿನದ ಕಸ. ಎರಡನೆಯದರಲ್ಲಿ ಅದು ಮಗುಚಿ ಹಣ್ಣಾಗುವುದು. ಮೂರನೆಯದು ಬರೀ ತರಗೆಲೆಗೆ. ಮೂರರ ಮೇಲೂ ಒಂದೇ ಮಾಡು. ಅಂದರೆ ಖರ್ಚಿನಲ್ಲೂ ಕೆಲಸದಲ್ಲೂ ಅರ್ಧಕ್ಕಿಂತ ಜಾಸ್ತಿ ಹೋಗಿದ್ದು ಕಸ ಇಲ್ಲದ ಜಾಗಕ್ಕೆ, ಮಾಡಿಗೆ ಮತ್ತು ಎಲೆ ಕೋಣೆಗೆ. ಅದರ ಬಗ್ಗೆ ನನಗೆ ಸ್ವಲ್ಪವೂ ಬೇಜಾರಿಲ್ಲ.

ಗುಂಡಿ ತೋಡಿದರೆ ಆಗಲ್ವಾ ಅಂತ ಸ್ಟಾಫ್ ರೂಮಿನಲ್ಲಿ ಇಬ್ಬರು ಕೇಳಿದರು. ಗುಂಡಿಯ ಪದ್ಧತಿಗೆ ನಮ್ಮ ರಾಜ್ಯದ್ದೇ ಹೆಸರಿದೆ. 1939ರಲ್ಲಿ ಸಿ.ಎನ್. ಆಚಾರ್ಯ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ್ದನ್ನು ಇವತ್ತಿಗೂ ಬೆಂಗಳೂರು ಪದ್ಧತಿ ಅಂತಲೇ ಕರೆಯುತ್ತಾರೆ. ಗುಂಡಿ ತುಂಬಿ ಮೇಲೆ ಮಣ್ಣು ಮೆತ್ತಿ ಬಿಟ್ಟರೆ ಆಯಿತು, ಮಗುಚುವ ತಾಪತ್ರಯ ಇಲ್ಲ. ಆರೆಂಟು ತಿಂಗಳು ಕಾಯಬೇಕು ಅಷ್ಟೆ. ಅದಕ್ಕೂ ಮುಂಚೆ ಆಲ್ಬರ್ಟ್ ಹೊವಾರ್ಡ್ ಮತ್ತು ಯಶವಂತ ವಾಡ್ ಇಂದೋರಿನಲ್ಲಿ ಮಾಡಿದ್ದು ಮಗುಚುವ ಪದ್ಧತಿ. ಗಾಳಿ ಕೊಟ್ಟು, ಬಿಸಿ ಏರಿಸಿ, ಮೂರು ತಿಂಗಳಿಗೆ ಮುಗಿಸುವುದು. ಅವರೂ ಬೇಸಿಗೆಯಲ್ಲಿ ಗುಂಡಿ, ಮಳೆಗಾಲದಲ್ಲಿ ನೆಲದ ಮೇಲೆ ರಾಶಿ ಅಂತಲೇ ಹೇಳಿದ್ದು. ನಮ್ಮ ಹಿತ್ತಲಲ್ಲಿ ಆರಿದ್ರ ಮಳೆಗೆ ಎರಡಡಿ ಗುಂಡಿ ತೆಗೆದರೆ ಮರುದಿನ ಅದು ಕಪ್ಪೆಗಳ ಈಜುಕೊಳ. ನೆಲದ ಮೇಲೆಯೇ ಕಟ್ಟುವುದು ಅಂತ ತೀರ್ಮಾನ ಆಯಿತು.

ಎಲೆ ಸಂಗ್ರಹ ಶುರು ಮಾಡಿದ್ದು ಕೊಟ್ಟಿಗೆಗಿಂತ ಮುಂಚೆ, ಫೆಬ್ರವರಿ ಕೊನೆಯಲ್ಲಿ. ಹಲಸು, ಮಾವು, ಹೊಂಗೆ, ಪಕ್ಕದ ಸೈಟಿನ ಸಿಲ್ವರ್ ಓಕ್. ಸಿಲ್ವರ್ ಎಲೆ ಗಟ್ಟಿ, ಬೇಗ ಕರಗಲ್ಲ. ಹೊಂಗೆ ಎಲೆ ಬಂಗಾರ. ಬಿಸಿಲಲ್ಲಿ ಗರಿಗರಿ ಆದ ಮೇಲೆ ಚೀಲಕ್ಕೆ ತುಂಬಿ, ನನ್ನ ಮಗಳು ಆ ಚೀಲದೊಳಗೇ ನಿಂತು ತುಳಿಯುತ್ತಿದ್ದಳು. ತುಳಿದು ಪುಡಿ ಮಾಡಿದರೆ ಮೂರು ಚೀಲದ ಎಲೆ ಒಂದು ಚೀಲಕ್ಕೆ ಇಳಿಯುತ್ತದೆ, ಕೊಳೆಯುವುದೂ ಬೇಗ. ಏಪ್ರಿಲ್ ಹೊತ್ತಿಗೆ ಹದಿಮೂರು ಚೀಲ ಆಯಿತು. ಕಾಫಿ ಹೂ ಅರಳಿಸುವ ಹೂಮಳೆ ಬಂದ ರಾತ್ರಿ ಊರಿನ ತೋಟದವರೆಲ್ಲ ಖುಷಿಯಾಗಿದ್ದರೆ ನಾನೊಬ್ಬ ಟಾರ್ಚು ಹಿಡಿದು ಎಲೆ ಚೀಲಗಳನ್ನು ವರಾಂಡಕ್ಕೆ ಎಳೆಯುತ್ತಿದ್ದೆ.

ಸಾಮಾನು ಮನೆಯಲ್ಲೇ ಇತ್ತು. ಹಿಂದಿನ ಸೌದೆಮನೆಯನ್ನು ಎರಡು ವರ್ಷದ ಹಿಂದೆ ಬಿಚ್ಚಿದ್ದೆವು. ಅದರ ಮಾಡು ಹೊರುವ ಪಕಾಸಿ, ಹೆಂಚು ಕೂರುವ ತೆಳು ಪಟ್ಟಿ ಅಂದರೆ ರೀಪು, ಅಟ್ಟದ ಹಲಗೆ, ಮಂಗಳೂರು ಹೆಂಚು ಎಲ್ಲ ಗೋಡೆಗೆ ಒರಗಿಸಿ ಶೀಟು ಮುಚ್ಚಿಟ್ಟಿದ್ದೆ. ಹಳೇ ಕಾಡುಮರ. ಪಕಾಸಿ ಎತ್ತಿದರೆ ಕಬ್ಬಿಣದ ತೂಕ. ಹೊಸದಾಗಿ ಸಿಲ್ವರ್ ಓಕ್ ರೀಪರ್ ತಂದರೆ ಅಗ್ಗವೇ, ಆದರೆ ಒದ್ದೆ ಗೊಬ್ಬರದ ಪಕ್ಕ ಅದು ಗೆದ್ದಲಿಗೆ ಹಬ್ಬದೂಟ.

ಗೆದ್ದಲಿನ ಚಿಂತೆ ಹಳೇ ಮರಕ್ಕೂ ಇದ್ದೇ ಇದೆ. ಕಂಬಕ್ಕೆ ಗ್ಯಾರೇಜಿನ ಸುಟ್ಟ ಆಯಿಲ್ ಬಳಿಯಿರಿ ಅಂತ ಬಹಳ ಜನ ಹೇಳಿದರು. ಬೇಲಿ ಗೂಟಕ್ಕಾದರೆ ಸರಿ. ಬದನೆಗಿಡಕ್ಕೆ ಹೋಗುವ ಗೊಬ್ಬರಕ್ಕೆ ಎಂಜಿನ್ನಿನ ಕೊಳೆ ಬೆರೆಸಲು ನನಗೆ ಮನಸ್ಸು ಬರಲಿಲ್ಲ. ಬದಲಿಗೆ ಮರ ಮಣ್ಣಿಗೇ ತಾಗದ ಹಾಗೆ ಮಾಡಿದೆ. ವೆಲ್ಡಿಂಗ್ ಅಂಗಡಿಯಲ್ಲಿ ಕಬ್ಬಿಣದ ಪಟ್ಟಿ ಬಗ್ಗಿಸಿ ಎಂಟು ಬೂಟು ಮಾಡಿಸಿದೆ. ಕೆಳಗಿನ ಕಾಲು ಕಾಂಕ್ರೀಟಿನಲ್ಲಿ ಹೂತಿರುತ್ತದೆ, ಮೇಲಿನ ಎರಡು ಕಿವಿ ಕಂಬವನ್ನು ಹಿಡಿಯುತ್ತವೆ, ನಡುವೆ ಎರಡಿಂಚು ಬಯಲು. ಗೆದ್ದಲು ಹತ್ತಬೇಕಾದರೆ ಆ ಕಬ್ಬಿಣದ ಮೇಲೆ ಮಣ್ಣಿನ ಕೊಳವೆ ಕಟ್ಟಿಕೊಂಡೇ ಹತ್ತಬೇಕು, ಆಗ ಕಣ್ಣಿಗೆ ಬೀಳುತ್ತದೆ, ಒರೆಸಿ ಬಿಟ್ಟರೆ ಆಯಿತು. ಮರಗೆಲಸದ ಆಚಾರ್ರು ನೋಡಿ, “ಕಂಬಕ್ಕೂ ಚಪ್ಪಲಿ ಹಾಕ್ಸಿದೀರಾ ಮೇಷ್ಟ್ರೇ” ಅಂದರು.

ಅಡಿಪಾಯಕ್ಕೆ ರಜೆಯ ಮೊದಲ ವಾರ ಹೋಯಿತು. ಮಳೆ ನಮಗೆ ಪಡುವಣದಿಂದ ಬೀಸಿಕೊಂಡು ಬರುತ್ತದೆ, ಹಾಗಾಗಿ ಕೊಟ್ಟಿಗೆಯ ಬೆನ್ನು ಪಡುವಣಕ್ಕೆ, ಬಾಗಿಲು ಮೂಡಣಕ್ಕೆ. ಹಗ್ಗ ಕಟ್ಟಿ, ಕರ್ಣ ಎರಡೂ ಅಳೆದು, ಮೂಲೆ ಸರಿ ಮಾಡಿಕೊಂಡೆ. ಮೊದಲ ಸಲ ಎರಡು ಕರ್ಣಕ್ಕೂ ನಾಲ್ಕು ಇಂಚು ವ್ಯತ್ಯಾಸ. ಪೈಥಾಗೊರಸ್ ಪಾಠ ಮಾಡುವವನ ಹಿತ್ತಲಿನ ಕಥೆ ಇದು, ಮಕ್ಕಳಿಗೆ ಹೇಳಬೇಡಿ.

ಸುತ್ತ ಒಂದು ವರಸೆ ಸೈಜುಗಲ್ಲು. ಒಳಗೆ ನಾಲ್ಕಿಂಚು ಜಲ್ಲಿ, ಮುಂದಕ್ಕೆ ತುಸು ಇಳಿಜಾರು. ಜಲ್ಲಿಯ ಮೇಲೆ ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹಾಸಿ, ಅಂಚನ್ನು ಕಲ್ಲಿನ ಕೆಳಗೆ ಸಿಕ್ಕಿಸಿದೆ. ಇದು ಹೆಗ್ಗಣಕ್ಕಾಗಿ. ನಮ್ಮ ಬೀದಿಯಲ್ಲಿ ಹೆಗ್ಗಣ ಚರಂಡಿಯಿಂದ ಚರಂಡಿಗೆ ಸುರಂಗ ತೋಡುತ್ತವೆ. ಬೆಚ್ಚಗೆ ಇರುವ, ಊಟ ಸಿಗುವ, ಮಾಡು ಇರುವ ಜಾಗ ಅವಕ್ಕೆ ಹೇಳಿ ಮಾಡಿಸಿದ್ದು. ಪೂರ್ತಿ ಸಿಮೆಂಟ್ ನೆಲ ಹಾಕಿಬಿಡಬಹುದಿತ್ತು. ಆದರೆ ನೆಲದಿಂದ ಎರೆಹುಳು ಹತ್ತಿ ಬರಬೇಕು, ಜಾಸ್ತಿ ಆದ ನೀರು ಇಳಿದು ಹೋಗಬೇಕು. ಎರೆಹುಳಕ್ಕೆ ಅರ್ಧ ಇಂಚು ರಾಜಬೀದಿ.

ಮರಗೆಲಸಕ್ಕೆ ಎರಡು ದಿನ ಆಚಾರ್ರನ್ನು ಕರೆದೆ, ಮಿಕ್ಕಿದ್ದು ನಾನೇ ಮಾಡಿದೆ. ಮೊದಲ ದಿನವೇ ಬುದ್ಧಿ ಬಂತು. ಹಳೇ ಪಕಾಸಿಗೆ ಮೊಳೆ ಹೊಡೆದೆ. ಮೂರು ಪೆಟ್ಟಿಗೆ ಮೊಳೆ ಬಾಗಿತು. ಇನ್ನೊಂದು ಹೊಡೆದೆ, ಅದೂ ಬಾಗಿತು. ಮೂರನೆಯದು ಇಳಿಯಿತು, ರೀಪು ಸೀಳಿತು. ಆಚಾರ್ರು ಬೀಡಿ ಆರಿಸಿ ಎದ್ದು ಬಂದರು. “ಈ ಮರ ನಿಮಗಿಂತ ಹಿರೀದು. ಕೇಳಿ ಒಳಗೆ ಹೋಗ್ಬೇಕು” ಅಂತ ಡ್ರಿಲ್ ತೆಗೆದುಕೊಂಡು ಮೊದಲು ಸಣ್ಣ ತೂತು ಕೊರೆದರು. ಸ್ಕ್ರೂವನ್ನು ಒಣ ಸೋಪಿನ ಮೇಲೆ ಒಂದು ಸಲ ಉಜ್ಜಿದರು. ಬೆಣ್ಣೆಗೆ ಇಳಿದ ಹಾಗೆ ಇಳಿಯಿತು. ಅಲ್ಲಿಂದ ಮುಂದೆ ಇಡೀ ಕೊಟ್ಟಿಗೆಗೆ ಒಂದೂ ಮೊಳೆ ಇಲ್ಲ, ಎಲ್ಲ ಸತು ಲೇಪದ ಜಿ.ಐ. ಸ್ಕ್ರೂ. ಆಗ ಅದು ಬರೀ ಹಠ ಅನ್ನಿಸಿತ್ತು. ಜುಲೈನಲ್ಲಿ ಅದೇ ನನ್ನನ್ನು ಉಳಿಸಿತು, ಹೇಳುತ್ತೇನೆ.

ಹಿಂದಿನ ಗೋಡೆ, ಪಕ್ಕದ ಗೋಡೆ, ನಡುವಿನ ಎರಡು ತಡಿಕೆ ಎಲ್ಲ ರೀಪಿನವು. ರೀಪಿಗೂ ರೀಪಿಗೂ ನಡುವೆ ಮುಕ್ಕಾಲು ಇಂಚು ಸಂದಿ. ಪ್ರತಿ ಸಲ ಅಳತೆ ಪಟ್ಟಿ ಹಿಡಿಯುವುದು ಬೇಡ ಅಂತ ಮುಕ್ಕಾಲು ಇಂಚು ದಪ್ಪದ ಒಂದು ಮರದ ತುಂಡು ಇಟ್ಟುಕೊಂಡು, ಅದನ್ನೇ ನಡುವೆ ಇಟ್ಟು ಇಟ್ಟು ಮೇಲಕ್ಕೆ ಹೋದೆ. ಗೋಡೆಯ ಎತ್ತರ ಮೂರೂವರೆ ಅಡಿ.

ಮಾಡಿನ ವಿಷಯದಲ್ಲಿ ಆಚಾರ್ರಿಗೂ ನನಗೂ ಸಣ್ಣ ಜಟಾಪಟಿ ಆಯಿತು. ನಾನು ಹಿಂದೆ ನಾಲ್ಕೂವರೆ ಅಡಿ, ಮುಂದೆ ಐದೂವರೆ ಅಂತ ಬರೆದಿದ್ದೆ. ಮೂರಡಿಗೆ ಒಂದಡಿ ಏರು. ಅವರು ತಲೆ ಅಲ್ಲಾಡಿಸಿದರು. ಹೆಂಚಿನ ಮಾಡಿಗೆ ಅಷ್ಟು ಇಳುಕಲು ಸಾಲದು, ಗಾಳಿ ಬೀಸಿದರೆ ನೀರು ಹೆಂಚಿನ ಸಂದಿಯಲ್ಲಿ ಹಿಂದಕ್ಕೆ ನುಗ್ಗುತ್ತದೆ ಅಂದರು. ಸರಿ, ಮುಂದಿನ ಕಂಬ ಆರೂವರೆ ಅಡಿಗೆ ಏರಿತು. ಈಗ ಮುಂದೆ ನಿಂತು ಕೆಲಸ ಮಾಡುವಾಗ ತಲೆ ತಾಗುವುದಿಲ್ಲ, ಹಿಂದೆ ಸೂರು ತಗ್ಗಾಗಿದ್ದು ಎರಚಲು ಒಳಗೆ ಬರುವುದಿಲ್ಲ. ಹಿಂದೂ ಮುಂದೂ ಒಂದೊಂದಡಿ ಸೂರು ಚಾಚಿದೆ. ತೊಂಬತ್ತರ ಹತ್ತಿರ ಹೆಂಚು ಹಿಡಿಯಿತು. ಅಂದರೆ ಇನ್ನೂರು ಕೆಜಿ ದಾಟಿದ ಭಾರ. ಅದಕ್ಕೇ ಎತ್ತಿ ಇಡುವ ಮುಚ್ಚಳದ ಆಸೆ ಬಿಟ್ಟು ಕಾಯಂ ಮಾಡು ಮಾಡಿದ್ದು. ಸೂರಿನ ನೀರು ಬೀಳುವ ಕಡೆ ಒಂದು ಕಾಲುವೆ ತೆಗೆದು ಬಾಳೆಗೆ ತಿರುಗಿಸಿದೆ.

ಇನ್ನು ಮುಂಬಾಗಿಲು. ಮಗುಚುವ ಕೆಲಸಕ್ಕೆ ಬಾಗಿಲೇ ಪ್ರಾಣ. ಮೇಲಿಂದ ಬಗ್ಗಿ ಮೂರಡಿ ಆಳದ ಗೊಬ್ಬರ ತೆಗೆಯುವುದು ನಲವತ್ತು ದಾಟಿದ ಸೊಂಟಕ್ಕೆ ಆಗುವ ಮಾತಲ್ಲ. ಎಂ.ಜಿ. ರಸ್ತೆಯ ಕಡೆ ಹೋಗುವಾಗ ಚಿಕ್ಕಂದಿನಲ್ಲಿ ನೋಡಿದ ಹಳೇ ಅಂಗಡಿಗಳ ಬಾಗಿಲು ನೆನಪಾಯಿತು. ಶಟರ್ ಇಲ್ಲದ ಕಾಲದಲ್ಲಿ ಹಲಗೆಗಳನ್ನು ಒಂದೊಂದಾಗಿ ಗಾಡಿಯಲ್ಲಿ, ಅಂದರೆ ಚೌಕಟ್ಟಿನ ತೋಡಿನಲ್ಲಿ, ಸರಿಸಿ ನಿಲ್ಲಿಸುತ್ತಿದ್ದರು, ಪ್ರತಿ ಹಲಗೆಗೂ ನಂಬರು ಬರೆದಿರುತ್ತಿತ್ತು. ಅದೇ ಉಪಾಯವನ್ನು ಅಡ್ಡಡ್ಡ ಮಾಡಿದೆ. ಮುಂದಿನ ಕಂಬಗಳ ಒಳಮೈಗೆ ಎರಡೆರಡು ರೀಪು ನಿಲ್ಲಿಸಿ ಸ್ಕ್ರೂ ಹಾಕಿದೆ, ನಡುವೆ ಗಾಡಿ. ಅಟ್ಟದ ಹಲಗೆಯನ್ನು ಮೇಲಿಂದ ಆ ಗಾಡಿಗೆ ಇಳಿಸುವುದು. ಆರಿಂಚು ಅಗಲ, ಒಂದಿಂಚು ದಪ್ಪದ ಹಲಗೆ, ಒಂದು ಅಂಕಣಕ್ಕೆ ಆರು. ಎರಡು ಹಲಗೆ ನಡುವೆ ಗಾಳಿಗೆ ಅರ್ಧ ಇಂಚು ಉಳಿಯಲಿ ಅಂತ ಪ್ರತಿ ಹಲಗೆಯ ತುದಿಗೆ ಸಣ್ಣ ಚೂರು ಸ್ಕ್ರೂ ಮಾಡಿದೆ. ಕಸ ಎಷ್ಟು ಎತ್ತರವೋ ಅಷ್ಟು ಹಲಗೆ. ತೆಗೆಯುವಾಗ ಮೇಲಿನಿಂದ ಒಂದೊಂದೇ ಎತ್ತಿದರೆ ನೆಲದವರೆಗೂ ಬಯಲು. ಮಗಳು ಬಿಳಿ ಪೇಂಟಿನಲ್ಲಿ ನಂಬರು ಬರೆದಳು. ಎಡ 1 ರಿಂದ ಎಡ 6, ಬಲ 1 ರಿಂದ ಬಲ 6. ಒಂದು ಹಲಗೆಗೆ ತನ್ನ ಹೆಸರನ್ನೂ ಬರೆದಳು.

ಎಲೆ ಅಂಕಣಕ್ಕೆ ಹಲಗೆ ಇಲ್ಲ, ಮಿಕ್ಕ ಮೆಶ್‌ನ ಒಂದು ಗೇಟು. ಎಲೆ ಎಲ್ಲೂ ಓಡಿಹೋಗಲ್ಲ.

ಖರ್ಚು ಕೇಳುವವರಿಗೆ: ಬೂಟು, ಮೆಶ್, ಸ್ಕ್ರೂ, ಎರಡು ಚೀಲ ಸಿಮೆಂಟ್, ಜಲ್ಲಿ, ಆಚಾರ್ರ ಎರಡು ದಿನದ ಕೂಲಿ ಸೇರಿ ಏಳು ಸಾವಿರದ ಹತ್ತಿರ ಆಯಿತು. ಮರವನ್ನೂ ಹೆಂಚನ್ನೂ ಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ರೋಹಿಣಿ ಮಳೆಯ ಮೊದಲ ಹನಿ ಬೀಳುವ ಹಿಂದಿನ ದಿನ ಕೊನೆಯ ಹೆಂಚು ಕೂತಿತು. ಮೊದಲ ಅಂಕಣದ ತಳಕ್ಕೆ ಅರ್ಧ ಅಡಿ ಕಾಫಿ ಗಿಡದ ಕಸಿ ಕಡ್ಡಿ, ಅಂದರೆ ಗಿಡ ಸವರಿದಾಗ ಬಿದ್ದ ಕೊಂಬೆ, ಹಾಸಿದೆ. ಗೆಳೆಯನ ತೋಟದಲ್ಲಿ ಗಿಡಕಸಿ ಆದಾಗ ಪಿಕಪ್ಪಿನಲ್ಲಿ ತಂದದ್ದು. ಕಡ್ಡಿ ಅಡ್ಡಾದಿಡ್ಡಿ ಬಿದ್ದಿದ್ದರೆ ತಳದಲ್ಲಿ ಗಾಳಿ ಓಡಾಡುತ್ತದೆ. ಅದರ ಮೇಲೆ ಒಂದು ಬುಟ್ಟಿ ತರಗೆಲೆ. ಆಮೇಲೆ ದಿನದ ಲೆಕ್ಕ ಸುಲಭ: ಅಡುಗೆಮನೆಯ ಒಂದು ಡಬ್ಬ ಕಸಕ್ಕೆ ಅದೇ ಡಬ್ಬದಲ್ಲಿ ಎರಡರಿಂದ ಮೂರು ಡಬ್ಬ ಎಲೆ. ಪುಸ್ತಕದ ಲೆಕ್ಕದಲ್ಲಿ ಇಂಗಾಲ 25ರಿಂದ 30 ಪಾಲು, ಸಾರಜನಕ 1 ಪಾಲು ಇರಬೇಕು. ಒಣ ಎಲೆಯಲ್ಲಿ ಇಂಗಾಲ ಜಾಸ್ತಿ, ಹಸಿ ಸಿಪ್ಪೆ, ಕಾಫಿ ಚರಟ, ಸಗಣಿಯಲ್ಲಿ ಸಾರಜನಕ ಜಾಸ್ತಿ. ಅಮ್ಮನಿಗೆ ಇದೆಲ್ಲ ಬೇಡ. ಹಾಕಿದ ಕಸ ಮೇಲಿಂದ ಕಾಣಬಾರದು, ಅಷ್ಟೇ ಅವಳ ಸೂತ್ರ. ಎರಡೂ ಲೆಕ್ಕ ಒಂದೇ ಕಡೆ ಬಂದು ನಿಲ್ಲುತ್ತವೆ.

ನೀರಿನ ಅಳತೆಗೆ ಒಂದು ಹಿಡಿ ತೆಗೆದು ಮುಷ್ಟಿ ಬಿಗಿದು ನೋಡುವುದು. ಬೆರಳ ಸಂದಿಯಲ್ಲಿ ಒಂದೆರಡು ಹನಿ ಬಂದರೆ ಹದ. ಧಾರೆ ಇಳಿದರೆ ಇನ್ನೊಂದು ಬುಟ್ಟಿ ಎಲೆ. ಏನೂ ಬರದೆ ಪುಡಿ ಉದುರಿದರೆ ನೀರು. ಈ ಮೂರನೆಯದು ನಮ್ಮಲ್ಲಿ ಮಳೆಗಾಲದಲ್ಲಿ ಆಗುವ ಮಾತಲ್ಲ. ಅರಸೀಕೆರೆ ಕಡೆ ತೆಂಗಿನ ತೋಟ ಇರುವ ನಮ್ಮ ಭಾವನ ಕಷ್ಟ ಅದೇ. ಅವರ ಗುಂಡಿಯಲ್ಲಿ ಕಸ ಕೊಳೆಯುವುದೇ ಇಲ್ಲ, ಒಣಗಿ ಹಪ್ಪಳ. ಮೇಲೆ ಗರಿ ಮುಚ್ಚಿ ವಾರಕ್ಕೊಮ್ಮೆ ಪೈಪು ಹಿಡಿಯುತ್ತಾರೆ. ನನ್ನ ಹೆಂಚಿನ ಮಾಡು ನೋಡಿ ಅವರು, “ಕಸಕ್ಕೆ ಮನೆ ಕಟ್ಟಿಸಿದೀಯಲ್ಲೋ ಮಾರಾಯ” ಅಂತ ನಕ್ಕರು. ಇಲ್ಲಿ ಜುಲೈ ತಿಂಗಳು ಇದ್ದು ನೋಡಿ ಭಾವ ಅಂದೆ.

ಆರಿದ್ರ ಹೋಯಿತು, ಪುನರ್ವಸು ಬಂತು. ಜುಲೈ ಮೂರನೇ ವಾರಕ್ಕೆ ಮೊದಲ ಅಂಕಣ ತುಂಬಿತ್ತು. ನಾತ ಇಲ್ಲ. ಆದರೆ ಬಿಸಿಯೂ ಇಲ್ಲ. ದಿನಕ್ಕೆ ಒಂದು ಡಬ್ಬ ಹಾಕುತ್ತಾ ಹೋದರೆ ಬಿಸಿ ಏರುವುದಿಲ್ಲ, ಹುಟ್ಟಿದ ಬಿಸಿ ಅವತ್ತವತ್ತೇ ಆರಿಹೋಗುತ್ತದೆ. ಕಡಿಮೆ ಅಂದರೂ ಮೂರಡಿ ಉದ್ದ ಅಗಲ ಎತ್ತರದ ರಾಶಿ ಒಟ್ಟಿಗೆ ಸೇರಬೇಕು. ಅದಕ್ಕೇ ಎರಡನೇ ಅಂಕಣ. ಒಂದನೆಯದನ್ನು ಅಲ್ಲಿಗೆ ಮಗುಚುವಾಗ ಹಸಿ ಸಾಮಾನು ಬೆರೆಸಿದರೆ ಬೆಂಕಿ ಹತ್ತಿದ ಹಾಗೆ. ಭಾನುವಾರ ಅಂತ ಗೊತ್ತು ಮಾಡಿದೆ. ನಾಲ್ಕು ಮಂಕರಿ ಸಗಣಿ, ಮೂರು ಚೀಲ ಕಾಫಿ ಹೊಟ್ಟು ತರಿಸಿ ಇಟ್ಟುಕೊಂಡೆ. ಕಚ್ಚೆ ಕಟ್ಟಿ ಹೋಗಿ ಎಡ 6ನೇ ಹಲಗೆ ಎತ್ತಿದೆ.

ಬರಲಿಲ್ಲ.

ಎರಡು ಕೈಯಲ್ಲಿ ಎಳೆದೆ. ಹಾರೆ ಹಾಕಿ ಮೀಟಿದೆ. ಕಿರ್ ಅಂತ ಒಂದು ತುದಿ ಎದ್ದಿತು, ಇನ್ನೊಂದು ತುದಿ ಕಚ್ಚಿಕೊಂಡಿತು. ಮೇ ತಿಂಗಳಲ್ಲಿ ಮಗಳು ಒಂದೇ ಬೆರಳಲ್ಲಿ ಎತ್ತುತ್ತಿದ್ದ ಹಲಗೆ ಅದು. ಆರೂ ಹಲಗೆ ಗಾಡಿಯೊಳಗೆ ಬೆಣೆ ಬಡಿದ ಹಾಗೆ ಕೂತಿದ್ದವು. ಮಳೆ ಸುರಿಯುತ್ತಿದೆ, ಸಗಣಿ ಮಂಕರಿ ಕಾಯುತ್ತಿದೆ, ಕಿಟಕಿಯಲ್ಲಿ ಅಮ್ಮ.

ಆಗಿದ್ದು ಏನು ಅಂತ ಹಲಗೆಯ ತುದಿ ನೋಡಿದ ಮೇಲೆ ತಿಳಿಯಿತು. ಅಟ್ಟದ ಹಲಗೆ ಎಷ್ಟೋ ವರ್ಷ ಸೌದೆ ಒಲೆಯ ಹೊಗೆಯಲ್ಲಿ ಒಣಗಿ ಬತ್ತಿದ್ದು. ಈಗ ಒದ್ದೆ ಕಸಕ್ಕೆ ಒರಗಿ ಎರಡು ತಿಂಗಳು ನೀರು ಕುಡಿದಿದೆ. ಮರ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕಿಲ್ಲ, ಅಗಲಕ್ಕೂ ದಪ್ಪಕ್ಕೂ ಹಿಗ್ಗುತ್ತದೆ. ಅದರ ಮೇಲೆ, ಒಳಮುಖ ಒದ್ದೆ, ಹೊರಮುಖ ಗಾಳಿಗೆ. ಒದ್ದೆ ಮುಖ ಹಿಗ್ಗಿ ಹಲಗೆ ಒಳಕ್ಕೆ ಉಬ್ಬಿ, ದೋಣಿಯ ಹೊಟ್ಟೆ ಆಗಿತ್ತು. ಗಾಡಿಯಲ್ಲಿ ನಾನು ಬಿಟ್ಟಿದ್ದ ಸಡಿಲ ಎರಡು ಮಿಲಿಮೀಟರ್. ಗಲಗಲ ಅನ್ನಬಾರದು, ಅಚ್ಚುಕಟ್ಟಾಗಿರಬೇಕು ಅಂತ ಬೇಕಂತಲೇ ಬಿಗಿಯಾಗಿ ಮಾಡಿದ್ದೆ. ಬಟ್ಟೆ ಬೀರುವಿಗಾದರೆ ಭೇಷ್ ಅನ್ನಬಹುದಿತ್ತು.

ಆಚಾರ್ರಿಗೆ ಫೋನ್ ಮಾಡಿದೆ. ಕೀಸುಳಿ ತನ್ನಿ, ಹಲಗೆ ಹೆರೆಯೋಣ ಅಂದೆ. ಅವರು ನಕ್ಕು, “ಹಲಗೆ ಬಿಡಿ ಮೇಷ್ಟ್ರೇ, ಹೊರಗಿನ ರೀಪು ಸ್ಕ್ರೂ ಬಿಚ್ಚಿ” ಅಂದರು. ಅಷ್ಟೇ. ಗಾಡಿಯ ಹೊರಗಿನ ರೀಪು ಬಿಚ್ಚಿದರೆ ಇಡೀ ಬಾಗಿಲು ಮುಂದಕ್ಕೆ ಬರುತ್ತದೆ. ಮೊಳೆ ಹೊಡೆದಿದ್ದರೆ ಕಿತ್ತು ಸೀಳಿ ಹಾಕಬೇಕಿತ್ತು. ಸೋಪು ಸವರಿದ ಸ್ಕ್ರೂ ಎಂಟೂ ಒಂದೂ ತಕರಾರು ಮಾಡದೆ ಬಂದವು. ರೀಪು ಸಡಿಲ ಆದದ್ದೇ ತಡ, ಒಳಗಿನ ಕಸದ ಒತ್ತಡಕ್ಕೆ ಆರು ಹಲಗೆಯೂ ಒಟ್ಟಿಗೆ ನನ್ನ ಕಾಲ ಮೇಲೆ ಬಂದು ಕೂತವು, ಹಿಂದೆಯೇ ಅರ್ಧ ರಾಶಿ. ಅಮ್ಮ ಕಿಟಕಿಯಿಂದ ಕೇಳಿದಳು: “ಬಾಗಿಲು ತೆಗೀತಾ?”

ತೆಗೆಯಿತು. ಹೊರಗಿನ ರೀಪನ್ನು ಕಾಲಿಂಚು ಮುಂದೆ ಸರಿಸಿ ಮತ್ತೆ ಕೂರಿಸಿದೆ. ಈಗ ಬೇಸಿಗೆಯಲ್ಲಿ ಹಲಗೆ ಗಲಗಲ ಅನ್ನುತ್ತದೆ. ಅನ್ನಲಿ. ನಂಬರು ಬರೆದಿದ್ದೂ ಈಗ ಉಪಯೋಗಕ್ಕೆ ಬಂತು, ಒಂದೊಂದು ಹಲಗೆ ಒಂದೊಂದು ಥರ ಸೊಟ್ಟಗಾಗಿದ್ದರಿಂದ ತನ್ನ ಜಾಗ ಬಿಟ್ಟು ಬೇರೆ ಕಡೆ ಕೂರುವುದಿಲ್ಲ.

ಮಗುಚಿದ ರಾಶಿಗೆ ಶಾಲೆಯ ಲ್ಯಾಬಿನ ಥರ್ಮಾಮೀಟರ್ ಇಳಿಸಿದೆ. ಗಾಜು ಒಡೆಯದ ಹಾಗೆ ಬಿದಿರಿನ ತುಂಡಿಗೆ ಕಟ್ಟಿದ್ದೆ. ಮೂರನೇ ದಿನ 57 ಡಿಗ್ರಿ. ಐದನೇ ದಿನ 62. ಹೊರಗೆ ಸ್ವೆಟರ್ ಹಾಕುವ ಚಳಿ, ಹಲಗೆ ಸಂದಿಯಿಂದ ಇಡ್ಲಿ ಪಾತ್ರೆಯ ಹಾಗೆ ಹಬೆ. 55 ಡಿಗ್ರಿ ದಾಟಿ ಮೂರು ದಿನ ನಿಂತರೆ ಕಳೆಬೀಜವೂ ರೋಗದ ಕ್ರಿಮಿಯೂ ಬಹುಪಾಲು ಸಾಯುತ್ತವೆ. ಹತ್ತನೇ ದಿನ 48ಕ್ಕೆ ಇಳಿಯಿತು, ಒಂದು ಸಲ ಕೆದಕಿ ಗಾಳಿ ಕೊಟ್ಟ ಮೇಲೆ ಮತ್ತೆ 58. ಥರ್ಮಾಮೀಟರ್ ಇಲ್ಲದವರು ಕಬ್ಬಿಣದ ಸರಳು ಹತ್ತು ನಿಮಿಷ ಚುಚ್ಚಿಟ್ಟು, ತೆಗೆದು ಮುಟ್ಟಿ ನೋಡಬಹುದು. ಹಿಡಿದುಕೊಳ್ಳಲು ಆಗದಷ್ಟು ಬಿಸಿ ಇದ್ದರೆ ಸರಿ.

ಆಗಸ್ಟ್ ಕೊನೆಗೆ ರಾಶಿ ತಣ್ಣಗಾಗಿ ಅರ್ಧಕ್ಕೆ ಕುಸಿದಿತ್ತು. ಕೆದಕಿದರೆ ಹೆಬ್ಬೆರಳು ಗಾತ್ರದ ಬಿಳಿ ಹುಳು, ಕೊಕ್ಕೆಯ ಹಾಗೆ ಮುದುಡಿಕೊಂಡು, ಹನ್ನೊಂದು ಇದ್ದವು. ಗೊಬ್ಬರದ ಹುಳ. ಕಸಕ್ಕೆ ಅದರಿಂದ ತೊಂದರೆ ಇಲ್ಲ, ಕೊಳೆತದ್ದನ್ನು ತಿಂದು ಪುಡಿಯನ್ನೇ ಮಾಡುತ್ತದೆ. ಆದರೆ ಕೆಲವು ಮುಂದೆ ತೆಂಗಿನ ಸುಳಿ ಕೊರೆಯುವ ಕೊಂಬಿನ ದುಂಬಿ ಆಗುತ್ತವೆ. ಹಿತ್ತಲಲ್ಲಿ ಎರಡು ತೆಂಗಿನ ಮರ ಇವೆ, ಮರಿ ಹುಳದಲ್ಲಿ ಯಾವುದು ಯಾವ ದುಂಬಿ ಅಂತ ವಿಚಾರಣೆ ಮಾಡುತ್ತಾ ಕೂರಲು ಆಗಲ್ಲ. ಎಲ್ಲವನ್ನೂ ಆರಿಸಿ ಕಾಂಪೌಂಡಿನ ಮೇಲೆ ಇಟ್ಟೆ. ಒಂದು ಕೆಂಬೂತ ಬಂದು ಅತ್ತ ಇತ್ತ ನೋಡಿ ಒಂದೊಂದಾಗಿ ಮುಗಿಸಿತು. ಈಗ ನಾನು ಸಲಿಕೆ ಎತ್ತಿದರೆ ಸಾಕು, ಹಲಸಿನ ಮರದಲ್ಲಿ ಹಾಜರ್.

ಅಕ್ಟೋಬರ್ ಮೊದಲ ವಾರ ಗೊಬ್ಬರ ಸಾಣಿಗೆಗೆ ಬಂತು. ಮೆಶ್‌ನ ತುಂಡಿಗೆ ಚೌಕಟ್ಟು ಹಾಕಿ ಮಾಡಿದ ಸಾಣಿಗೆ. ಮೇಲೆ ಉಳಿದದ್ದು ಕಸಿ ಕಡ್ಡಿ, ಸಿಲ್ವರ್ ಎಲೆಯ ನರ, ಒಂದು ಸ್ಟೀಲ್ ಚಮಚ. ಆ ಚಮಚವನ್ನು ಎರಡು ತಿಂಗಳಿಂದ ಹುಡುಕುತ್ತಿದ್ದರು, ಸಂಶಯ ನನ್ನ ಟಿಫನ್ ಡಬ್ಬದ ಮೇಲೆ ಇತ್ತು. ಕೆಳಗೆ ಇಳಿದದ್ದು ಕಾಫಿಪುಡಿ ಬಣ್ಣದ, ಮೊದಲ ಮಳೆಯ ಮಣ್ಣಿನ ವಾಸನೆಯ ಗೊಬ್ಬರ. ನಾಲ್ಕು ಚೀಲ. ಅಮ್ಮ ಒಂದು ಹಿಡಿ ತೆಗೆದು ಮೂಸಿ, ಸೆರಗಿಗೆ ಕೈ ಒರೆಸಿಕೊಂಡು, ಮೊದಲ ಬುಟ್ಟಿಯನ್ನು ದಾಸವಾಳಕ್ಕೆ ಹೊತ್ತುಕೊಂಡು ಹೋದಳು. ಚರಂಡಿಯ ಮಾತು ತೆಗೆಯಲಿಲ್ಲ.

ಪೂರ್ತಿ ಖಾಲಿ ಮಾಡಿದ್ದರೆ ಆರು ಚೀಲ ಆಗುತ್ತಿತ್ತು. ಆಗಲಿಲ್ಲ. ರಾಶಿಯ ನಡುವೆ ಏರಿದ ಬಿಸಿ ಮೂಲೆಗೆ ತಲುಪಿರಲಿಲ್ಲ. ಹಿಂದಿನ ಎಡಮೂಲೆಯಲ್ಲಿ ಬದುಕಿ ಉಳಿದ ಒಂದು ಕುಂಬಳ ಬೀಜ ಮೊಳೆತು, ರೀಪಿನ ಸಂದಿಯಿಂದ ಹೊರಗೆ ತಲೆ ಹಾಕಿ, ಸೂರು ಹಿಡಿದು ಹೆಂಚಿನ ಮೇಲೆ ಹತ್ತಿದೆ. ಮುಂದಿನ ಸಲ ಮಗುಚುವಾಗ ಅಂಚಿನದನ್ನು ನಡುವಿಗೆ ಹಾಕಬೇಕು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದೇನೆ. ಬಳ್ಳಿಯಲ್ಲಿ ಈಗ ಮೂರು ಕಾಯಿ. ಒಂದು ಸರಿಯಾಗಿ ಹೆಂಚಿನ ಕೊಳವೆಯಲ್ಲಿ ಕೂತಿದೆ. ಬುಡ ಅಲ್ಲಾಡಿಸಿದರೆ ಬಳ್ಳಿ ಬಾಡುತ್ತದೆ, ಕಾಯಿ ಬಲಿಯುವ ತನಕ ಎರಡನೇ ಅಂಕಣ ಮುಟ್ಟಬೇಡ ಅಂತ ಅಮ್ಮನ ಆಜ್ಞೆ. ಮೊದಲ ಅಂಕಣ ಮತ್ತೆ ಎಡ 5ನೇ ಹಲಗೆವರೆಗೆ ತುಂಬಿದೆ. ಎಡ 6 ಬಾಕಿ ಇದೆ.